ಯಾವ ಊಲಾಂಗ್ ಕೊಳ್ಳೋದು? ಹೆಸರು ಆಮೇಲೆ, ಮೊದಲು ಬೆಂಕಿ ನೋಡಿ

ಊಲಾಂಗ್ ಚಹಾ ಕೊಳ್ಳೋಣ ಅಂತ ಹೊರಟವರಿಗೆ ಮೊದಲು ತಲೆ ಕೆಡಿಸುವುದು ಹೆಸರುಗಳು. ಟಿಯೆ ಗ್ವಾನ್ ಯಿನ್, ದಾ ಹಾಂಗ್ ಪಾವ್, ದೊಂಗ್ ದಿಂಗ್, ಆಲಿಶಾನ್, ಮಿಲ್ಕ್ ಊಲಾಂಗ್, ಓರಿಯೆಂಟಲ್ ಬ್ಯೂಟಿ. ಇವುಗಳಲ್ಲಿ ಕೆಲವು ಗಿಡದ ತಳಿಯ ಹೆಸರು, ಕೆಲವು ಬೆಟ್ಟದ ಹೆಸರು, ಇನ್ನು ಕೆಲವು ವ್ಯಾಪಾರಕ್ಕೆ ಅಂತ ಇಟ್ಟಿದ್ದು. ಬೆಟ್ಟವನ್ನೂ ತಳಿಯನ್ನೂ ಪಕ್ಕ ಪಕ್ಕ ಇಟ್ಟು ಯಾವುದು ಚೆನ್ನ ಅಂತ ಕೇಳಿದರೆ ಉತ್ತರ ಸಿಗಲ್ಲ.

ಅದಕ್ಕೆ ನಾನು ಹೇಳುವುದು ಇಷ್ಟೇ. ಹೆಸರನ್ನು ಬದಿಗಿಟ್ಟು ಮೊದಲು ಎರಡು ಪ್ರಶ್ನೆ ಕೇಳಿ. ಎಲೆಯನ್ನು ಎಷ್ಟು ಕೆಂಪಾಗಲು ಬಿಟ್ಟಿದ್ದಾರೆ? ಆಮೇಲೆ ಎಷ್ಟು ಹುರಿದಿದ್ದಾರೆ? ಇವೆರಡು ಗೊತ್ತಾದರೆ ಲೋಟದಲ್ಲಿ ಏನು ಬರುತ್ತದೆ ಅನ್ನೋದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ಅದರಲ್ಲೂ ಫಿಲ್ಟರ್ ಕಾಫಿ, ಖಡಕ್ ಚಹಾ ಕುಡಿದು ಬೆಳೆದ ನಮ್ಮ ನಾಲಿಗೆಗೆ ಜಾಸ್ತಿ ವ್ಯತ್ಯಾಸ ಮಾಡುವುದು ಎರಡನೆಯದು.

ಎಲೆ ಊಲಾಂಗ್ ಆಗುವುದು ಹೇಗೆ

ಗ್ರೀನ್ ಟೀ, ಬ್ಲ್ಯಾಕ್ ಟೀ, ಊಲಾಂಗ್ ಮೂರೂ ಒಂದೇ ಜಾತಿಯ ಗಿಡದ ಎಲೆಗಳು. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದಲ್ಲ, ಚಹಾ ಎಲೆಗೆ ಪೆಟ್ಟಾದಾಗ ಆಗುವುದೂ ಅದೇ. ಜೀವಕೋಶ ಒಡೆದು ಒಳಗಿನ ಎಂಜೈಮ್ ಕೆಲಸ ಶುರು ಮಾಡುತ್ತದೆ, ಗಾಳಿ ತಾಗಿ ಎಲೆ ಕೆಂಪಾಗುತ್ತದೆ. ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿ ತಾಗಿಸಿ ಆ ಎಂಜೈಮನ್ನು ನಿಲ್ಲಿಸಿಬಿಟ್ಟರೆ ಗ್ರೀನ್ ಟೀ. ಪೂರ್ತಿ ಕೆಂಪಾಗಲು ಬಿಟ್ಟರೆ ಬ್ಲ್ಯಾಕ್ ಟೀ. ನಡುವೆ ಎಲ್ಲೋ ನಿಲ್ಲಿಸಿದರೆ ಊಲಾಂಗ್. ಆ ಎಲ್ಲೋ ಅನ್ನುವುದು ಶೇಕಡಾ 10ರ ಹತ್ತಿರವೂ ಇರಬಹುದು, 70ರ ಆಚೆಗೂ ಇರಬಹುದು. ಅದಕ್ಕೇ ಎರಡು ಊಲಾಂಗ್‌ಗಳ ನಡುವಿನ ಅಂತರ ಕೆಲವು ಸಲ ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ಇರುವಷ್ಟೇ ದೊಡ್ಡದು.

ಊಲಾಂಗ್‌ಗೆ ಸಾಮಾನ್ಯವಾಗಿ ಎಳೆ ಮೊಗ್ಗು ಬೇಕಿಲ್ಲ. ಕುಡಿ ಬಿಚ್ಚಿಕೊಂಡು ಮೂರು ನಾಲ್ಕು ಎಲೆ ಸ್ವಲ್ಪ ಬಲಿತ ಮೇಲೆ, ಬಿಸಿಲಿರುವ ದಿನ ನೋಡಿ, ಮಂಜು ಆರಿದ ಮೇಲೆ ಕೀಳುತ್ತಾರೆ. ಮೊದಲು ಬಿಸಿಲಿನಲ್ಲಿ ಹರಡಿ ಬಾಡಿಸುತ್ತಾರೆ. ಆಮೇಲೆ ಒಳಗೆ ತಂದು ಅಗಲವಾದ ಬಿದಿರಿನ ತಟ್ಟೆಗಳಲ್ಲಿ ಹರಡುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಲೆಗಳು ಸುತ್ತು ಹೊಡೆಯುವಂತೆ ಕುಲುಕುತ್ತಾರೆ, ಅಥವಾ ಬಿದಿರಿನ ಉದ್ದನೆಯ ಪೀಪಾಯಿಯಲ್ಲಿ ಹಾಕಿ ತಿರುಗಿಸುತ್ತಾರೆ. ಎಲೆಯ ಅಂಚು ಅಂಚಿಗೆ ತಾಗಿ ಅಂಚಷ್ಟೇ ಜಜ್ಜುತ್ತದೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಕುಲುಕಿದ ಮೇಲೆ ಒಂದೆರಡು ಗಂಟೆ ಸುಮ್ಮನೆ ಬಿಡಬೇಕು. ಆ ಹೊತ್ತಿನಲ್ಲಿ ದಂಟಿನಲ್ಲಿರುವ ನೀರು ಎಲೆಗೆ ಇಳಿದು, ಬಾಡಿದ್ದ ಎಲೆ ಮತ್ತೆ ಬಿಗಿಯಾಗುತ್ತದೆ. ಮತ್ತೆ ಕುಲುಕುವುದು, ಮತ್ತೆ ಬಿಡುವುದು. ಇದು ರಾತ್ರಿಯೆಲ್ಲ ನಡೆಯುತ್ತದೆ. ಶುರುವಿನಲ್ಲಿ ಕೋಣೆ ತುಂಬ ಕತ್ತರಿಸಿದ ಹುಲ್ಲಿನ ವಾಸನೆ, ಹೊತ್ತು ಕಳೆದಂತೆ ಅದು ಹೋಗಿ ಹೂವಿನ ಘಮ ಏಳುತ್ತದೆ, ಇನ್ನೂ ಬಿಟ್ಟರೆ ಹಣ್ಣಿನ ಕಡೆ ತಿರುಗುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಮಾಡುವವರು ಗಡಿಯಾರ ನೋಡಿ ಅಲ್ಲ, ಮೂಸಿ ನೋಡಿ ತೀರ್ಮಾನಿಸುತ್ತಾರೆ. ಮಳೆ ಬಂದರೆ, ಗಾಳಿಯಲ್ಲಿ ತೇವ ಜಾಸ್ತಿಯಾದರೆ ಲೆಕ್ಕವೆಲ್ಲ ತಲೆಕೆಳಗು. ಒಂದೇ ತೋಟದ ಹೋದ ವರ್ಷದ ಚಹಾಗೂ ಈ ವರ್ಷದ್ದಕ್ಕೂ ರುಚಿ ಬೇರೆಯಾಗಲು ಇದೂ ಒಂದು ಕಾರಣ.

ಆಮೇಲೆ ಬಿಸಿ ಬಾಣಲೆಗೆ ಹಾಕಿ ಎಂಜೈಮ್ ನಿಲ್ಲಿಸುತ್ತಾರೆ. ಅಲ್ಲಿಂದ ಆಕಾರ ಕೊಡುವುದು. ಚೀನಾದ ವುಯಿ ಬೆಟ್ಟ ಮತ್ತು ಗುವಾಂಗ್‌ಡಾಂಗ್ ಕಡೆ ಎಲೆಯನ್ನು ಉದ್ದುದ್ದ ಹೊಸೆಯುತ್ತಾರೆ. ಚೀನಾದ್ದೇ ಫುಜಿಯಾನ್ ಪ್ರಾಂತ್ಯದ ಅನ್‌ಶಿಯಲ್ಲೂ ತೈವಾನಿನ ಬಹುಪಾಲು ಕಡೆಯೂ ಬಟ್ಟೆಯಲ್ಲಿ ಗಂಟು ಕಟ್ಟಿ, ಹಿಂಡಿ, ಬಿಚ್ಚಿ, ಬಿಸಿ ಮಾಡಿ, ಮತ್ತೆ ಕಟ್ಟಿ, ಹೀಗೆ ಹತ್ತಾರು ಸಲ ಮಾಡಿ ಸಣ್ಣ ಗುಂಡುಗಳನ್ನಾಗಿಸುತ್ತಾರೆ. ಕೊನೆಗೆ ಒಣಗಿಸುವುದು. ಇಷ್ಟಕ್ಕೇ ಮಾರಿದರೆ ಅದು ಹಸಿರು ಊಲಾಂಗ್. ಬಿದಿರಿನ ಬುಟ್ಟಿಯಲ್ಲಿ ಹಾಕಿ, ಬೂದಿ ಮುಚ್ಚಿದ ಕೆಂಡದ ಮೇಲೆ ಅಥವಾ ಕರೆಂಟಿನ ಓವನ್ನಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಹುರಿದ ಊಲಾಂಗ್. ಹುರಿಯುವುದು ಅಂದರೆ ಕಾಫಿ ಬೀಜದ ಹಾಗೆ ಸಿಡಿಸುವುದಲ್ಲ. ಸಣ್ಣ ಕಾವಿನಲ್ಲಿ ನಿಧಾನಕ್ಕೆ ಬೇಯಿಸಿದಂತೆ. ಒಂದು ಸಲ ಹುರಿದು, ವಾರಗಟ್ಟಲೆ ತಣ್ಣಗೆ ಬಿಟ್ಟು, ಮತ್ತೆ ಹುರಿಯುವವರೂ ಇದ್ದಾರೆ.

ಹಸಿರು ಊಲಾಂಗ್ ಯಾರಿಗೆ

ಗ್ರೀನ್ ಟೀ ಇಷ್ಟ, ಆದರೆ ಅದರ ಒಗರು ಬೇಡ ಅನ್ನುವವರಿಗೆ ಇದು ಸರಿ. ಬಣ್ಣ ತಿಳಿ ಹಳದಿ, ಘಮ ಹೂವಿನದು, ಕುಡಿದ ಮೇಲೆ ಗಂಟಲಲ್ಲಿ ಸ್ವಲ್ಪ ಸಿಹಿ ಉಳಿಯುತ್ತದೆ. ಇದರಲ್ಲಿ ನಾಲ್ಕು ಆಯ್ಕೆ ಸುಲಭವಾಗಿ ಸಿಗುತ್ತವೆ.

ಮೊದಲನೆಯದು ಹಸಿರು ಟಿಯೆ ಗ್ವಾನ್ ಯಿನ್. ಫುಜಿಯಾನ್ ಪ್ರಾಂತ್ಯದ ಅನ್‌ಶಿ ಕೌಂಟಿಯದ್ದು. ಗುಂಡು ಬಿಗಿಯಾಗಿ, ಹೊಳೆಯುವ ಹಸಿರಾಗಿ ಇರುತ್ತದೆ. ಇದು ಅಲ್ಲಿಯ ಹಳೆಯ ಶೈಲಿ ಅಲ್ಲ. ತೈವಾನಿನ ತಿಳಿ ಊಲಾಂಗ್ ನೋಡಿ 1990ರ ದಶಕದಿಂದೀಚೆ ಜೋರಾಗಿ ಬೆಳೆದ ಶೈಲಿ. ಮೊದಲು ಅಲ್ಲಿಯ ಟಿಯೆ ಗ್ವಾನ್ ಯಿನ್ ಹುರಿದ ಚಹಾ ಆಗಿತ್ತು, ಈಗಲೂ ಆ ಶೈಲಿಯಲ್ಲಿ ಮಾಡುವವರಿದ್ದಾರೆ. ಅಂದರೆ ಒಂದೇ ತಳಿ, ಒಂದೇ ಊರು, ಒಂದೇ ಹೆಸರು, ಪೊಟ್ಟಣ ಬಿಚ್ಚಿದರೆ ಎರಡು ಬೇರೆ ಬೇರೆ ಚಹಾ. ಒಬ್ಬರು ಇದು ಹೂವಿನ ಹಾಗಿದೆ ಅಂತಾರೆ, ಇನ್ನೊಬ್ಬರು ಹುರಿದ ಧಾನ್ಯದ ಹಾಗಿದೆ ಅಂತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೆಸರು ಆಮೇಲೆ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಪೊಟ್ಟಣದ ಮೇಲೆ ಚಿಂಗ್ ಶಿಯಾಂಗ್ ಅಂತಿದ್ದರೆ ಹಸಿರು, ನೊಂಗ್ ಶಿಯಾಂಗ್ ಅಂತಿದ್ದರೆ ಹುರಿದದ್ದು. ಎರಡೂ ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ ನೋಡಿ.

ಎರಡನೆಯದು ತೈವಾನಿನ ಎತ್ತರದ ಬೆಟ್ಟದ ಊಲಾಂಗ್. 1000 ಮೀಟರಿಗಿಂತ ಮೇಲೆ ಬೆಳೆದರೆ ಅಲ್ಲಿ ಗಾವ್‌ಶಾನ್, ಅಂದರೆ ಎತ್ತರದ ಬೆಟ್ಟದ್ದು ಅಂತ ಕರೆಯುತ್ತಾರೆ. ಆಲಿಶಾನ್ ಇವುಗಳಲ್ಲಿ ಹೆಸರುವಾಸಿ, ಲಿಶಾನ್ ಇನ್ನೂ ಎತ್ತರ, ದಾಯುಲಿಂಗ್ ಕಡೆ 2500 ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಚಳಿ, ಮಂಜು, ಹಗಲು ರಾತ್ರಿಯ ತಾಪಮಾನದ ದೊಡ್ಡ ಅಂತರ, ಇದರಿಂದ ಎಲೆ ನಿಧಾನಕ್ಕೆ ಬೆಳೆದು ದಪ್ಪವಾಗುತ್ತದೆ, ಕಹಿ ಒಗರು ಕಡಿಮೆಯಾಗುತ್ತದೆ. ಬಾಯಲ್ಲಿ ಬೆಣ್ಣೆ ಸವರಿದಷ್ಟು ನುಣುಪು ಅಂತಾರಲ್ಲ, ಅದು ನಿಜ. ಆದರೆ ದುಡ್ಡು ಎತ್ತರದ ಜೊತೆಗೇ ಏರುತ್ತದೆ, ಎತ್ತರದ ಹೆಸರಿನಲ್ಲಿ ಮೋಸವೂ ಅಷ್ಟೇ. ದಾಯುಲಿಂಗ್‌ನ ತೋಟಗಳೇ ಕಡಿಮೆ, ಅದರಲ್ಲಿ ಕೆಲವನ್ನು ಸರ್ಕಾರ ತೆರವು ಮಾಡಿಸಿ ಕಾಡಿಗೆ ಬಿಟ್ಟಿದೆ. ಕಡಿಮೆ ಬೆಲೆಗೆ ದಾಯುಲಿಂಗ್ ಅಂತ ಯಾರಾದರೂ ಕೊಟ್ಟರೆ ನಂಬಬೇಡಿ. ಮೊದಲ ಸಲಕ್ಕೆ ಆಲಿಶಾನ್ ಸಾಕು. ಲಿಶಾನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಎರಡನ್ನೂ ಪಕ್ಕದಲ್ಲಿಟ್ಟು ಕುಡಿಯಬೇಕು, ಬೆಲೆಯ ವ್ಯತ್ಯಾಸ ಮಾತ್ರ ಕುಡಿಯದೆಯೇ ಗೊತ್ತಾಗುತ್ತದೆ.

ಮೂರನೆಯದು ಬಾವ್‌ಜೊಂಗ್, ತೈಪೇ ಹತ್ತಿರದ ಪಿಂಗ್‌ಲಿನ್ ಕಡೆಯದ್ದು. ಗುಂಡಲ್ಲ, ಹೊಸೆದ ಉದ್ದ ಎಲೆ. ಊಲಾಂಗ್‌ಗಳಲ್ಲೇ ಅತಿ ಕಡಿಮೆ ಕೆಂಪಾಗಿದ್ದು, ಶೇಕಡಾ 10ರ ಆಸುಪಾಸು. ಗ್ರೀನ್ ಟೀಗೆ ಹತ್ತಿರ ಬೇಕು ಅನ್ನುವವರಿಗೆ ಇದೇ ಸರಿ. ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಮೋಸ ಮಾಡದ ಚಹಾ, ಯಾಕೋ ಜನ ಇದನ್ನು ಅಷ್ಟಾಗಿ ಮಾತಾಡುವುದೇ ಇಲ್ಲ.

ನಾಲ್ಕನೆಯದು ಜಿನ್ ಶ್ವಾನ್, ಆನ್‌ಲೈನಿನಲ್ಲಿ ಮಿಲ್ಕ್ ಊಲಾಂಗ್ ಅಂತ ಸಿಗುವುದು. ಇಲ್ಲಿ ಹುಷಾರಾಗಿರಬೇಕು. ಜಿನ್ ಶ್ವಾನ್ ತೈವಾನಿನ ಚಹಾ ಸಂಶೋಧನಾ ಕೇಂದ್ರ 1981ರಲ್ಲಿ ಬಿಡುಗಡೆ ಮಾಡಿದ 12ನೇ ನಂಬರಿನ ತಳಿ. ಅದರ ಎಲೆಗೇ ಸಹಜವಾಗಿ ಕೆನೆಯ ಛಾಯೆ ಇದೆ, ಆದರೆ ತೆಳು, ಹುಡುಕಿದರೆ ಸಿಗುವಷ್ಟು. ಪೊಟ್ಟಣ ಬಿಚ್ಚಿದ ಕೂಡಲೇ ಕೋಣೆಯೆಲ್ಲ ಪಾಲ್‌ಕೋವಾ ವಾಸನೆ ಬಂದರೆ ಅದಕ್ಕೆ ಫ್ಲೇವರ್ ಹಾಕಿದ್ದಾರೆ. ಫ್ಲೇವರ್ ಹಾಕಿದ್ದು ಕುಡಿಯಬಾರದು ಅಂತೇನಿಲ್ಲ, ಇಷ್ಟವಾದರೆ ಕುಡಿಯಿರಿ. ತಳಿಯ ಬೆಲೆ ಕೊಟ್ಟು ಎಸೆನ್ಸ್ ಕೊಳ್ಳಬೇಡಿ ಅಷ್ಟೆ. ಪದಾರ್ಥಗಳ ಪಟ್ಟಿಯಲ್ಲಿ ಚಹಾ ಎಲೆ ಬಿಟ್ಟು ಬೇರೇನಾದರೂ ಇದೆಯಾ ನೋಡಿ. ಇನ್ನೊಂದು ಗುರುತು, ಎಸೆನ್ಸ್ ಹಾಕಿದ್ದರ ಘಮ ಎರಡು ಮೂರು ಸಲ ನೀರು ಹಾಕುವಷ್ಟರಲ್ಲಿ ಪೂರ್ತಿ ಇಳಿದುಹೋಗಿರುತ್ತದೆ.

ಹಸಿರು ಊಲಾಂಗ್‌ಗೆ ಒಂದು ದೊಡ್ಡ ತೊಂದರೆ ಇದೆ. ಅದು ಬೇಗ ಹಳಸುತ್ತದೆ. ಗಾಳಿ ತೆಗೆದು ಪ್ಯಾಕ್ ಮಾಡಿದ್ದೇ ಬೇಕು. ಬಿಚ್ಚಿದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಅಷ್ಟು ದಿನವೂ ತಡೆಯಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ತಿಂಡಿ ಆದ ಮೇಲೆ ಕುಡಿಯುವುದು ಒಳ್ಳೆಯದು.

ಹುರಿದ ಊಲಾಂಗ್ ಯಾರಿಗೆ

ಕಾಫಿ ಕುಡಿಯುವವರಿಗೆ. ನೇರವಾಗಿ ಹೇಳುತ್ತೇನೆ, ಮನೆಯಲ್ಲಿ ಚಿಕೋರಿ ಇಲ್ಲದ ಕಾಫಿ ಪುಡಿಯೇ ಬೇಕು ಅಂತ ಹಟ ಮಾಡುವವರಿಗೆ ಹಸಿರು ಊಲಾಂಗ್ ಕೊಟ್ಟರೆ ಇದೇನು ಬಿಸಿನೀರು ಅಂತಾರೆ. ಅವರಿಗೆ ವುಯಿ ಬೆಟ್ಟದ ಚಹಾ ಕೊಡಿ.

ವುಯಿ ಇರುವುದು ಫುಜಿಯಾನ್ ಪ್ರಾಂತ್ಯದ ಉತ್ತರ ಭಾಗದಲ್ಲಿ. ಬಂಡೆಗಳ ಸಂದಿಯಲ್ಲಿ, ಕಡಿದಾದ ಕಣಿವೆಗಳಲ್ಲಿ ಗಿಡ ಬೆಳೆಯುವ ಜಾಗ. 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿಯ ಊಲಾಂಗನ್ನು ಬಂಡೆ ಚಹಾ ಅಂತಲೇ ಕರೆಯುತ್ತಾರೆ. ಉದ್ದಕ್ಕೆ ಹೊಸೆದ ಕಪ್ಪು ಎಲೆ, ಕಿತ್ತಳೆ ಕಂದು ಬಣ್ಣದ ಚಹಾ, ಹುರಿದ ಘಮದ ಕೆಳಗೆ ಹೂವೋ ಹಣ್ಣೋ ಏನೋ ಒಂದು, ಕುಡಿದು ಮುಗಿದ ಮೇಲೂ ಬಾಯಲ್ಲಿ ಉಳಿಯುವ, ಕಲ್ಲಿನ ಮೇಲೆ ಹರಿದ ನೀರಿನಂಥ ರುಚಿ. ವಸಂತದಲ್ಲಿ ಕಿತ್ತು ಮಾಡಿದ ಚಹಾ ಹುರಿದು ಹದಕ್ಕೆ ಬಂದು ಮಾರಾಟಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ತಿಂಗಳುಗಳೇ ಆಗಿರುತ್ತವೆ. ಹುರಿದ ಹೊಸದರಲ್ಲಿ ಸುಟ್ಟ ರುಚಿ ಮುಂದೆ ಬಂದು ನಿಲ್ಲುತ್ತದೆ, ಕೆಲವು ತಿಂಗಳು ಬಿಟ್ಟರೆ ಬೆಂಕಿ ಇಳಿದು ಒಳಗಿನದ್ದು ಮೇಲೆ ಬರುತ್ತದೆ.

ವುಯಿ ಚಹಾಗಳಲ್ಲಿ ದಾ ಹಾಂಗ್ ಪಾವ್ ಹೆಸರು ಎಲ್ಲರಿಗೂ ಗೊತ್ತು. ಬಂಡೆಯ ಮೇಲೆ ಆರು ಮೂಲ ಗಿಡಗಳಿವೆ, ಅವುಗಳ ಎಲೆ ಕೀಳುವುದನ್ನು 2006ರಿಂದ ನಿಲ್ಲಿಸಿದ್ದಾರೆ, ಕೊನೆಯ ಸಲ ಮಾಡಿದ ಚಹಾದಲ್ಲಿ 20 ಗ್ರಾಂ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಹಾಗಾದರೆ ನಿಮಗೆ ಆನ್‌ಲೈನಿನಲ್ಲಿ ಸಿಗುತ್ತಿರುವುದು ಏನು? ಬಹುಪಾಲು ವುಯಿಯ ಬೇರೆ ಬೇರೆ ತಳಿಗಳ ಮಿಶ್ರಣ. ಅದು ಮೋಸ ಅಲ್ಲ, ಅಲ್ಲಿಯ ಪದ್ಧತಿಯೇ ಹಾಗೆ. ಒಳ್ಳೆಯ ಮಿಶ್ರಣ ಒಂಟಿ ತಳಿಗಿಂತ ಚೆನ್ನಾಗಿರುವುದೂ ಉಂಟು. ಮೂಲ ಗಿಡದ್ದು ಅಂತ ಹೇಳಿಕೊಂಡು ಮಾರುವುದು ಮಾತ್ರ ಶುದ್ಧ ಸುಳ್ಳು. ತಳಿಯ ರುಚಿಯನ್ನೇ ನೋಡಬೇಕು ಅನಿಸಿದರೆ ರೌ ಗ್ವೇ ಅಥವಾ ಶುಯಿ ಶಿಯೆನ್ ಕೇಳಿ. ರೌ ಗ್ವೇಯಲ್ಲಿ ದಾಲ್ಚಿನ್ನಿಯ ಖಾರ, ಘಮ ಚುರುಕು. ಶುಯಿ ಶಿಯೆನ್ ಮೆತ್ತಗೆ, ದಪ್ಪ. ಗಿಡ ಹಳೆಯದಾದಷ್ಟೂ ಅದರಲ್ಲಿ ಪಾಚಿ ಮರದ ವಾಸನೆ ಕಾಣಿಸುತ್ತದೆ. ಎರಡರಲ್ಲಿ ಒಂದೇ ಅಂದರೆ ನನಗೆ ಶುಯಿ ಶಿಯೆನ್. ರೌ ಗ್ವೇಗೆ ಈಗ ಬೇಡಿಕೆ ವಿಪರೀತ, ಬೆಲೆಯೂ ಹಾಗೇ.

ವುಯಿ ಜೋರಾಯಿತು ಅನ್ನುವವರಿಗೆ ದೊಂಗ್ ದಿಂಗ್ ಇದೆ. ತೈವಾನಿನ ನಾನ್‌ತೌ ಕೌಂಟಿಯ ಲುಗು ಊರಿನ ಚಹಾ. ಗುಂಡು ಕಟ್ಟಿದ್ದು, ಮಧ್ಯಮ ಹದಕ್ಕೆ ಕೆಂಪಾಗಿದ್ದು, ಮಧ್ಯಮ ಹದಕ್ಕೆ ಹುರಿದದ್ದು. ಅಲ್ಲಿಯ ರೈತರ ಸಂಘ 1976ರಿಂದ ಚಹಾ ಸ್ಪರ್ಧೆ ನಡೆಸುತ್ತಿದೆ, ಗೆದ್ದ ಚಹಾ ಮೊಹರು ಹಾಕಿದ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಹೋಗುತ್ತದೆ. ಸ್ಪರ್ಧೆಯ ಡಬ್ಬಿ ನಮಗೆ ಬೇಕಿಲ್ಲ. ಮಾಮೂಲಿ ದೊಂಗ್ ದಿಂಗ್‌ನಲ್ಲೇ ಬೆಲ್ಲದ ಪಾಕದ ಸಿಹಿ, ಹುರಿದ ಘಮ, ಹೂವಿನ ಎಳೆ ಮೂರೂ ಸಿಗುತ್ತವೆ. ಯಾರಾದರೂ ನನಗೆ ಒಂದೇ ಒಂದು ಊಲಾಂಗ್ ಹೇಳಿ, ಬೇರೆ ಕಥೆ ಬೇಡ ಅಂತ ಕೇಳಿದರೆ ನಾನು ಹೇಳುವುದು ಇದನ್ನೇ. ಹಸಿರು ಇಷ್ಟಪಡುವವರೂ ಇದನ್ನು ದೂರುವುದಿಲ್ಲ, ಕಾಫಿಯವರೂ ಕಪ್ ಖಾಲಿ ಮಾಡುತ್ತಾರೆ.

ಹಾಲು ಹಾಕಲೇಬೇಕು ಅನ್ನುವವರಿಗೂ ಜಾಗ ಇದೆ. ಹಾಲು ಅಂದ ಕೂಡಲೇ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗಲ್ಲ. ತೈವಾನಿನ ಹಾಲಿನ ಚಹಾ ಅಂಗಡಿಗಳಲ್ಲೇ ಹುರಿದ ಊಲಾಂಗ್, ಹುರಿದ ಟಿಯೆ ಗ್ವಾನ್ ಯಿನ್ ಬಳಸುತ್ತಾರೆ. ತೈಪೇ ಅಂಚಿನ ಮುಜಾದಲ್ಲಿ ಮಾಡುವ ಟಿಯೆ ಗ್ವಾನ್ ಯಿನ್ ಜೋರಾಗಿ ಹುರಿದದ್ದು, ಹಾಲನ್ನು ತಡೆದುಕೊಳ್ಳುತ್ತದೆ. ಆದರೆ ಕಡಿಮೆ ಬೆಲೆಯದ್ದು ತಗೊಂಡು, ಎಲೆ ಜಾಸ್ತಿ ಹಾಕಿ ಹಾಲು ಬೆರೆಸಿ. ಆಲಿಶಾನ್‌ಗೆ ಹಾಲು ಹಾಕಿದರೆ ಹಾಲಿಗೂ ನಷ್ಟ, ಚಹಾಗೂ ನಷ್ಟ.

ಹುರಿದದ್ದರಲ್ಲಿ ಎಚ್ಚರವಾಗಿರಬೇಕಾದ್ದು ಒಂದೇ. ಕೆಟ್ಟ ಎಲೆಯ ದೋಷ ಮುಚ್ಚಲು ಜೋರಾಗಿ ಸುಡುವವರಿದ್ದಾರೆ. ಅದನ್ನು ಪತ್ತೆ ಹಚ್ಚುವುದು ಸುಲಭ. ಚಹಾ ಮಾಡಿದ ಮೇಲೆ ಎಲೆಯನ್ನು ಬಿಳಿ ತಟ್ಟೆಗೆ ಸುರಿದು ಬೆರಳಲ್ಲಿ ಬಿಡಿಸಿ ನೋಡಿ. ಹದವಾಗಿ ಹುರಿದ ಎಲೆ ನೀರಲ್ಲಿ ನೆನೆದ ಮೇಲೆ ಸ್ವಲ್ಪವಾದರೂ ಬಿಚ್ಚಿಕೊಂಡು ಮೆತ್ತಗಾಗುತ್ತದೆ, ಬೆರಳ ನಡುವೆ ಉಜ್ಜಿದರೆ ಚರ್ಮದಂತೆ ಜಗ್ಗುತ್ತದೆ, ಅಂಚಿನಲ್ಲಿ ಕೆಂಪು ಕಾಣಬಹುದು. ಸುಟ್ಟ ಎಲೆ ಐದಾರು ಸಲ ಬಿಸಿನೀರು ಕಂಡರೂ ಕರಿ ಕಡ್ಡಿಯಾಗೇ ಇರುತ್ತದೆ, ಉಜ್ಜಿದರೆ ಪುಡಿಯಾಗುತ್ತದೆ. ಹಸಿರು ಊಲಾಂಗ್‌ಗೂ ಇದೇ ಪರೀಕ್ಷೆ ಮಾಡಿ. ಅಲ್ಲಿ ಪೂರ್ತಿ ಬಿಚ್ಚಿದ ಎಲೆ ದಂಟಿನ ಸಮೇತ ಅಂಗೈ ಮೇಲೆ ಹರಡಿಕೊಳ್ಳಬೇಕು, ಕತ್ತರಿಸಿದ ತುಂಡುಗಳೇ ಜಾಸ್ತಿ ಇದ್ದರೆ ಯಂತ್ರದಲ್ಲಿ ಕೊಯ್ದ ಎಲೆ. ಯಂತ್ರದ್ದು ಕೆಟ್ಟದ್ದು ಅಂತ ಅಲ್ಲ, ಆದರೆ ಕೈಯಲ್ಲಿ ಕಿತ್ತಿದ್ದು ಅಂತ ಹೇಳಿ ಬೆಲೆ ತಗೊಂಡಿದ್ದರೆ ಕೇಳುವ ಹಕ್ಕು ನಿಮ್ಮದು. ಅನ್‌ಶಿಯ ಹಸಿರು ಟಿಯೆ ಗ್ವಾನ್ ಯಿನ್‌ನಲ್ಲಿ ಒಂದು ವಿನಾಯಿತಿ ಇದೆ, ಚಹಾ ತಿಳಿಯಾಗಿ ಕಾಣಲಿ ಅಂತ ಕೆಂಪು ಅಂಚನ್ನೇ ಮುರಿದು ಉದುರಿಸುತ್ತಾರೆ, ಹಾಗಾಗಿ ಎಲೆಯ ಅಂಚು ಹರಿದಂತೆ ಕಂಡರೆ ಗಾಬರಿ ಬೇಡ.

ಎರಡೂ ಅಲ್ಲದ ಎರಡು

ಹಸಿರು, ಹುರಿದದ್ದು ಅಂತ ಎರಡು ಬುಟ್ಟಿ ಮಾಡಿದರೂ ಯಾವುದಕ್ಕೂ ಸರಿಯಾಗಿ ಕೂರದ ಚಹಾ ಎರಡಿವೆ.

ಒಂದು ಓರಿಯೆಂಟಲ್ ಬ್ಯೂಟಿ. ತೈವಾನಿನ ಶಿನ್‌ಜು ಮತ್ತು ಮಿಯಾವ್‌ಲಿ ಕಡೆಯದ್ದು. ಬೇಸಿಗೆಯಲ್ಲಿ ಜಿಗಿಹುಳು ಎಲೆಯ ರಸ ಹೀರುತ್ತದೆ. ಕಡಿತ ತಿಂದ ಗಿಡ ತನ್ನ ರಕ್ಷಣೆಗೆ ಕೆಲವು ಘಮದ ರಾಸಾಯನಿಕಗಳನ್ನು ಮಾಡಿಕೊಳ್ಳುತ್ತದೆ, ಅದೇ ಲೋಟದಲ್ಲಿ ಜೇನಿನ ಘಮವಾಗಿ ಬರುತ್ತದೆ. ಹುಳು ಬರಬೇಕು ಅಂದರೆ ಕೀಟನಾಶಕ ಹೊಡೆಯುವ ಹಾಗಿಲ್ಲ. ಬೇರೆ ಊಲಾಂಗ್‌ಗಳಂತಲ್ಲದೆ ಇದಕ್ಕೆ ಎಳೆ ಕುಡಿಯನ್ನೇ ಕೀಳುತ್ತಾರೆ, ಒಣ ಎಲೆಯಲ್ಲಿ ಬಿಳಿ ಮೊಗ್ಗು, ಕಂದು, ಕೆಂಪು, ಹಳದಿ ಎಲ್ಲ ಬಣ್ಣ ಒಟ್ಟಿಗೆ ಕಾಣುತ್ತವೆ. ಜೋರಾಗಿ ಕೆಂಪಾಗಿರುತ್ತದೆ, ಶೇಕಡಾ 60ರ ಮೇಲೆ, ಆದರೆ ಹುರಿಯುವುದಿಲ್ಲ ಅಂದರೂ ನಡೆಯುತ್ತದೆ. ಬ್ಲ್ಯಾಕ್ ಟೀ ಕುಡಿಯುವವರು ಊಲಾಂಗ್‌ಗೆ ಬರಬೇಕಾದರೆ ಇದೇ ಬಾಗಿಲು. ಡಾರ್ಜಿಲಿಂಗಿನ ಎರಡನೇ ಫ್ಲಶ್, ಅಂದರೆ ವರ್ಷದ ಎರಡನೇ ಕೊಯ್ಲಿನ ಚಹಾದ ಮಸ್ಕಟೆಲ್ ಅನ್ನುವ ದ್ರಾಕ್ಷಿಯಂಥ ಘಮ ಇಷ್ಟಪಟ್ಟವರಿಗೆ ಇದು ಪರಿಚಿತ ಅನಿಸುತ್ತದೆ, ಯಾಕೆಂದರೆ ಅಲ್ಲಿಯೂ ಅದರ ಹಿಂದೆ ಇಂಥದೇ ಹುಳುಗಳ ಕೈವಾಡ ಇದೆ. ಬೆಲೆ ಮಾತ್ರ ಜಾಸ್ತಿ. ಕೈಗೆಟುಕದಿದ್ದರೆ ಗ್ವೇ ಫೇ ಊಲಾಂಗ್ ಹುಡುಕಿ, ಅದೂ ಹುಳು ಕಡಿದದ್ದೇ, ಆದರೆ ಗುಂಡು ಕಟ್ಟಿದ್ದು. 1999ರ ಭೂಕಂಪದ ಮೇಲೆ ನಾನ್‌ತೌ ಕಡೆ ತೋಟ ನೋಡುವವರಿಲ್ಲದೆ ಹುಳು ಹತ್ತಿದಾಗ ಅದು ಶುರುವಾಯಿತು ಅಂತ ಹೇಳುತ್ತಾರೆ.

ಇನ್ನೊಂದು ಗುವಾಂಗ್‌ಡಾಂಗಿನ ಚಾವ್‌ಜೌ ಹತ್ತಿರದ ಫೆಂಗ್‌ಹುವಾಂಗ್ ಬೆಟ್ಟದ ದಾನ್‌ಚೊಂಗ್. ಘಮಕ್ಕೆ ಇದನ್ನು ಮೀರಿಸಿದ್ದು ಇಲ್ಲ. ಒಂದೊಂದು ಗಿಡದ ವಂಶಕ್ಕೂ ಒಂದೊಂದು ಘಮ, ಅದರ ಮೇಲೇ ಹೆಸರು. ಮಿ ಲಾನ್ ಶಿಯಾಂಗ್‌ನಲ್ಲಿ ಜೇನು, ಲಿಚಿ ಹಣ್ಣು. ಯಾ ಶಿ ಶಿಯಾಂಗ್‌ಗೆ ಬಾತುಕೋಳಿ ಹಿಕ್ಕೆ ಅಂತ ಹೆಸರಿಟ್ಟಿದ್ದಾರೆ, ಗಿಡ ಕದಿಯದಿರಲಿ ಅಂತ ಯಾರೋ ರೈತ ಹಾಗೆ ಹೇಳಿದ್ದಂತೆ, ಕುಡಿದರೆ ಹೂವಿನ ಘಮ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮರೆವಿನವರ ಚಹಾ ಅಲ್ಲ. ಲೋಟದಲ್ಲಿ ಎಲೆ ಹಾಕಿ ಫೋನ್ ನೋಡುತ್ತ ಕೂತರೆ ಕಹಿ, ಒಗರು, ಬಾಯಿಗೆ ಇಡೋಕಾಗಲ್ಲ. ಹತ್ತು ಸೆಕೆಂಡಿಗೆ ಬಸಿಯಬೇಕು. ಅಷ್ಟು ವ್ಯವಧಾನ ಇದ್ದರೆ ಮಾತ್ರ ಕೊಳ್ಳಿ.

ಡಾರ್ಜಿಲಿಂಗ್ ಮತ್ತು ನೀಲಗಿರಿಯ ಕೆಲವು ತೋಟಗಳೂ ಊಲಾಂಗ್ ಮಾಡುತ್ತವೆ. ತಾಜಾ ಸಿಗುತ್ತದೆ, ಆಮದಿನ ಖರ್ಚಿಲ್ಲ. ಆದರೆ ಮೇಲಿನ ಯಾವ ಚಹಾದ ಬದಲಿಗೂ ಅದನ್ನು ಕೊಳ್ಳಬೇಡಿ. ಹುರಿಯುವ ಪದ್ಧತಿ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ರುಚಿ ಹಗುರಾದ ಬ್ಲ್ಯಾಕ್ ಟೀ ಕಡೆಗೆ ವಾಲುತ್ತದೆ. ಅದನ್ನು ಅದರಷ್ಟಕ್ಕೇ ಕುಡಿದರೆ ಚೆನ್ನಾಗಿದೆ.

ನೀರು, ಎಲೆ, ಹೊತ್ತು

ಸರಿಯಾದ ಚಹಾ ತಂದು ಬೋರ್‌ವೆಲ್ ನೀರಲ್ಲಿ ಮಾಡಿದರೆ ಎಲ್ಲ ಊಲಾಂಗೂ ಒಂದೇ ರುಚಿ. ಬೆಂಗಳೂರಿನ ಹಲವು ಬಡಾವಣೆಗಳ ಗಡಸು ನೀರಲ್ಲಿ ಚಹಾ ಮೇಲೆ ತೆಳು ಪೊರೆ ಕಟ್ಟುತ್ತದೆ, ಘಮ ಮಂಕಾಗುತ್ತದೆ. ಫಿಲ್ಟರ್ ನೀರೋ ಕಾವೇರಿ ನೀರೋ ಬಳಸಿ. ನೀರು ಎಷ್ಟು ಬಿಸಿ ಇರಬೇಕು ಅಂತ ಥರ್ಮಾಮೀಟರ್ ಹುಡುಕುವುದು ಬೇಡ. ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಹುರಿದದ್ದಕ್ಕೆ ಕುದಿಯುವ ನೀರನ್ನೇ ಹಾಕಿ, ಹಸಿರಿಗೆ ಮುಚ್ಚಳ ತೆಗೆದು ಒಂದೆರಡು ನಿಮಿಷ ಬಿಟ್ಟು ಹಾಕಿ. ಓರಿಯೆಂಟಲ್ ಬ್ಯೂಟಿಗೆ ಇನ್ನೂ ಸ್ವಲ್ಪ ಆರಲಿ.

ಸುಲಭದ ದಾರಿ ಅಂದರೆ 200 ಮಿಲಿ ಲೋಟಕ್ಕೆ 3 ಗ್ರಾಂ ಎಲೆ, ಮೂರು ನಿಮಿಷ, ಸೋಸಿ ಕುಡಿಯುವುದು, ಅದೇ ಎಲೆಗೆ ಇನ್ನೊಂದು ಎರಡು ಸಲ ನೀರು. ಆದರೆ ಹೋಲಿಸಿ ನೋಡಬೇಕು ಅಂದರೆ ಚೀನಾದವರ ರೀತಿ ಮಾಡಿ. 100 ಮಿಲಿ ಹಿಡಿಯುವ ಮುಚ್ಚಳದ ಬಟ್ಟಲಿಗೆ, ಅಂದರೆ ಗೈವಾನ್‌ಗೆ, 5 ಗ್ರಾಂ ಎಲೆ. ಹದಿನೈದು ಇಪ್ಪತ್ತು ಸೆಕೆಂಡಿಗೆ ಬಸಿಯುವುದು, ಮತ್ತೆ ನೀರು, ಪ್ರತಿ ಸಲ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ. ಒಳ್ಳೆಯ ಊಲಾಂಗ್ ಆರೇಳು ಸಲ ಬರುತ್ತದೆ, ಮೂರನೆಯ ನಾಲ್ಕನೆಯ ಸಲ ರುಚಿ ತುತ್ತತುದಿಗೆ ಇರುತ್ತದೆ. ಗುಂಡು ಕಟ್ಟಿದ್ದು ನೀರು ಕುಡಿದು ಬಿಚ್ಚಲು ಹೊತ್ತು ಬೇಕು, ಹಾಗಾಗಿ ಮೊದಲ ಸಲಕ್ಕೇ ಸಪ್ಪೆ ಅಂತ ತೀರ್ಪು ಕೊಡಬೇಡಿ. 5 ಗ್ರಾಂ ಗುಂಡು ನೋಡಲು ಏನೂ ಅಲ್ಲ ಅನಿಸುತ್ತದೆ, ಬಿಚ್ಚಿದ ಮೇಲೆ ಬಟ್ಟಲ ಮುಚ್ಚಳವನ್ನೇ ಎತ್ತುತ್ತದೆ. ಹೊಸೆದ ಎಲೆ ಅಷ್ಟೇ ತೂಕಕ್ಕೆ ಒಣಗಿದ್ದಾಗಲೇ ಬಟ್ಟಲು ತುಂಬಿರುತ್ತದೆ, ಚಮಚದ ಅಳತೆ ಇಲ್ಲಿ ಕೆಲಸಕ್ಕೆ ಬರಲ್ಲ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಒಳ್ಳೆಯದು.

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಇರುವವರು ಹಸಿರು ಊಲಾಂಗನ್ನು ಅರ್ಧ ಲೀಟರ್ ತಣ್ಣೀರಿಗೆ 5 ಗ್ರಾಂ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಸೋಸಿದರೆ ಕಹಿ ಒಗರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ತೂಕ ಇಳಿಸುತ್ತದೆ ಅಂತ ಊಲಾಂಗ್ ಕೊಳ್ಳುವವರಿಗೆ ನಾನು ಹೇಳುವುದು ಏನೂ ಇಲ್ಲ, ರುಚಿಗೆ ಕುಡಿಯುವುದಾದರೆ ಕುಡಿಯಿರಿ. ಕೆಫೀನ್ ಇದ್ದೇ ಇದೆ, ಹುರಿದದ್ದರಲ್ಲೂ ಇದೆ. ರಾತ್ರಿ ನಿದ್ದೆ ಕೆಡುವವರು ಸಂಜೆ ನಾಲ್ಕರೊಳಗೆ ಮುಗಿಸಿ.

ಈಗ ದುಡ್ಡಿನ ವಿಷಯ. ಮೊದಲ ಸಲ 100 ಗ್ರಾಂ ಡಬ್ಬಿ ತಗೋಬೇಡಿ. ಹಸಿರು ಆಲಿಶಾನ್, ದೊಂಗ್ ದಿಂಗ್, ವುಯಿಯ ಶುಯಿ ಶಿಯೆನ್, ಈ ಮೂರನ್ನು 25 ಗ್ರಾಂನಂತೆ ತರಿಸಿ. ಮೂರೂ ಬೆಂಕಿಯ ಮೂರು ಮಟ್ಟ, ಒಂದೇ ದಿನ ಒಂದಾದ ಮೇಲೊಂದು ಕುಡಿದರೆ ನಿಮ್ಮ ನಾಲಿಗೆ ಯಾವ ಕಡೆ ಅಂತ ಗೊತ್ತಾಗುತ್ತದೆ. ಆಮೇಲೆ ಆ ಕಡೆಯದ್ದನ್ನೇ ಹೆಚ್ಚು ಕೊಳ್ಳಿ. ಕಿತ್ತ ಋತು, ವರ್ಷ, ಊರು, ಹುರಿದ ಮಟ್ಟ ಇಷ್ಟನ್ನು ಬರೆಯುವ ಅಂಗಡಿ ನೋಡಿ. ಪ್ರೀಮಿಯಂ, ರಾಯಲ್, ಇಂಪೀರಿಯಲ್ ಅಂತ ಮಾತ್ರ ಬರೆದು ವರ್ಷವನ್ನೇ ಹಾಕದವರಿಂದ ಹಸಿರು ಊಲಾಂಗನ್ನಂತೂ ಕೊಳ್ಳಲೇಬೇಡಿ, ಹುರಿದದ್ದಾದರೆ ಒಂದೆರಡು ವರ್ಷ ಹಳೆಯದಾದರೂ ಅಡ್ಡಿಯಿಲ್ಲ.